ನಮ್ಮ ಹುಡುಗಿಯ ಅದ್ಭುತ ಪ್ರಗತಿಯನ್ನು ರದ್ದುಪಡಿಸಿ

ಶಾಲೆಗಳ ತಪಾಸಣೆಯ ಹೊಣೆ ಹೊತ್ತ ವಲಯಾಧಿಕಾರಿಗಳಾದ ಮಾನ್ಯರೇ,

ನೀವು ನನ್ನ ಅಕ್ಕನ ಮಗಳನ್ನು ಗುಣಪಡಿಸಿಬಿಟ್ಟಿದ್ದೀರಿ. ದಯವಿಟ್ಟು ಅದನ್ನು ರದ್ದುಮಾಡಿ.

ತಮಾಷೆಗೆ ಹೇಳುತ್ತಿಲ್ಲ. ಇದೇ ಕೋರಿಕೆಯನ್ನು ಎರಡು ಸಲ ನಿಮ್ಮ ಕಚೇರಿಗೆ ಬರೆದುಕೊಟ್ಟಿದ್ದೇನೆ. ಎರಡು ಸಲವೂ 'ಪರಿಶೀಲಿಸಲಾಗುವುದು' ಎಂದು ಉತ್ತರ ಬಂತು. ಯಾರು ಪರಿಶೀಲಿಸುತ್ತಾರೆ, ಯಾವ ಜನ್ಮದಲ್ಲಿ ಎಂಬ ವಿವರ ಇರಲಿಲ್ಲ. ಆದ್ದರಿಂದ ಮೂರನೆಯ ಪತ್ರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ. ಇಲ್ಲಿಯಾದರೂ ಯಾರಾದರೊಬ್ಬರು ಕೊನೆಯವರೆಗೆ ಓದಬಹುದು.

ನಾನು ಯಾರು ಎಂದು ಕೇಳುವ ಹಕ್ಕು ನಿಮಗಿದೆ. ವಯಸ್ಸು ಇಪ್ಪತ್ತೊಂದು. ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವನು. ನಾಲ್ಕು ವರ್ಷದಲ್ಲಿ ಆರು ಕೆಲಸ ಬದಲಾಯಿಸಿದ್ದೇನೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಅಕ್ಕ ಬಯ್ಯುತ್ತಾಳೆ. ಸದ್ಯ ಬಸ್ ನಿಲ್ದಾಣದ ಹಿಂದೆ ಬೀಗ ರಿಪೇರಿ ಅಂಗಡಿಯಲ್ಲಿದ್ದೇನೆ. ಈ ಪತ್ರ ಬರೆಯಲು ಒಂಬತ್ತು ದಿನ ಹಿಡಿಯಿತು. ಕಾಗುಣಿತವನ್ನು ಅಕ್ಕ ತಿದ್ದಿದ್ದಾಳೆ. ಸಿಟ್ಟನ್ನು ತಿದ್ದಬೇಡ ಎಂದು ಹೇಳಿದ್ದೆ, ತಿದ್ದಿಲ್ಲ.

ಅಕ್ಕನಿಗೆ ಡಬ್ಬಿ ಕಾರ್ಖಾನೆಯಲ್ಲಿ ಹಗಲು ಪಾಳಿ, ಮನೆಗೆ ಬರುವಾಗ ಕತ್ತಲಾಗುತ್ತದೆ. ಹಾಗಾಗಿ ಅವಳ ಮಗಳನ್ನು ಶಾಲೆಗೆ ಬಿಡುವುದು, ಕರೆತರುವುದು ನನ್ನ ಕೆಲಸ. ಹುಡುಗಿಗೆ ಎಂಟು ವರ್ಷ, ಮೂರನೇ ತರಗತಿ. ರಿಜಿಸ್ಟರಿನಲ್ಲಿರುವ ಹೆಸರು ನಿಮ್ಮ ಕಡತದಲ್ಲೇ ಇದೆ, ಮನೆಯಲ್ಲಿ ಮಿಣುಕಿ. ಮಾತಿಗೆ ಕುಳಿತರೆ ನಿಮ್ಮನ್ನೂ ನಿಮ್ಮ ಮೇಲಿನವರನ್ನೂ ಒಟ್ಟಿಗೆ ಸುಸ್ತು ಮಾಡುತ್ತಾಳೆ. ಆದರೆ ಪುಸ್ತಕ ತೆರೆದರೆ ಅಕ್ಷರಗಳು ಒಂದರ ಮೇಲೊಂದು ಹತ್ತುತ್ತವೆ, ಸಾಲು ಜಾರುತ್ತದೆ, ಬೆವರುತ್ತಾಳೆ. ಒಂದನೇ ತರಗತಿಯಿಡೀ ಎಲ್ಲರೂ ಇದನ್ನು ಸೋಮಾರಿತನ ಎಂದರು. ಆಮೇಲೆ ಮಂಗಳವಾರದ ಟೀಚರ್ ಬಂದರು.

ಮಂಗಳವಾರದ ಟೀಚರ್ ಎಂದರೆ ಇಂಥ ಮಕ್ಕಳಿಗೆ ಕಲಿಸಲು ನಿಮ್ಮದೇ ಇಲಾಖೆ ನೇಮಿಸಿದವರು. ಐದು ಶಾಲೆಗೆ ಒಬ್ಬರೇ, ದಿನಕ್ಕೊಂದು ಶಾಲೆ. ನಮ್ಮ ಪಾಲಿಗೆ ಸಿಕ್ಕಿದ್ದು ಮಂಗಳವಾರ. ಅವರು ಮಾಡಿದ್ದು ದೊಡ್ಡ ಜಾದೂ ಏನಲ್ಲ. ಒಂದು ರಟ್ಟಿನ ತುಂಡಿನಲ್ಲಿ ಒಂದೇ ಪದ ಕಾಣುವಷ್ಟು ಕಿಂಡಿ ಕತ್ತರಿಸಿದರು. ಅದನ್ನು ಸಾಲಿನ ಮೇಲೆ ಇಟ್ಟು ನಿಧಾನವಾಗಿ ಸರಿಸುತ್ತಾ, ಹುಡುಗಿ ಆ ಒಂದು ಪದವನ್ನು ಓದುವ ತನಕ ಸುಮ್ಮನೆ ಕಾದರು. ಅಷ್ಟೇ. ಕಾಯುವುದಕ್ಕೆ ಸಂಬಳ ಪಡೆಯುವವರನ್ನು ಕಚೇರಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಕಾದದ್ದರಿಂದ ಇನ್ನೊಬ್ಬರಿಗೆ ಉಪಕಾರವಾಗಿದ್ದನ್ನು ನೋಡಿದ್ದು ಅದೇ ಮೊದಲು. ಒಂದು ವರ್ಷ ತುಂಬುವ ಹೊತ್ತಿಗೆ ಮಿಣುಕಿ ಒಂದು ಸಾಲನ್ನು ನಾಲ್ಕು ನಿಮಿಷದಲ್ಲಿ ಓದುತ್ತಿದ್ದಳು. ನಿಮಗೆ ಇದು ನಗು ತರಿಸಬಹುದು. ಮೊದಲ ಸಲ ಹಾಗೆ ಓದಿದ ದಿನ ನನ್ನಕ್ಕ ಪಾಳಿ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕುಳಿತು ಆ ನಾಲ್ಕು ನಿಮಿಷವನ್ನೂ ಕೇಳಿದಳು.

ಈ ಪಾಠ ನಡೆಯುತ್ತಿದ್ದದ್ದು ಮೆಟ್ಟಿಲ ಕೆಳಗೆ, ಕುಡಿಯುವ ನೀರಿನ ತೊಟ್ಟಿಯ ಪಕ್ಕ. 'ವಿಶೇಷ ಕಲಿಕಾ ಕೊಠಡಿ ಇದೆಯಲ್ಲ' ಎಂದು ನೀವು ಕೇಳುತ್ತೀರಿ. ಇದೆ ಮಾನ್ಯರೇ, ಉದ್ಘಾಟಿಸಿದವರ ಹೆಸರನ್ನು ಕೊರೆದ ಕಲ್ಲಿನ ಸಮೇತ ಇದೆ. ಆದರೆ ಹಿಂದಿನ ಹೆಡ್ಮಾಸ್ತರು ವರ್ಗವಾಗಿ ಹೋಗುವಾಗ ಅದರ ಕೀಲಿಕೈ ಅವರ ಜೇಬಿನಲ್ಲೇ ಹೋಯಿತು. ಬೀಗ ಒಡೆಯಲು ಅನುಮತಿ ಕೇಳಿ ಈಗಿನ ಹೆಡ್ಮಾಸ್ತರು ನಿಮ್ಮ ಕಚೇರಿಗೆ ಬರೆದರು. ಬೀಗ ಖರೀದಿಸಿದ ದಿನಾಂಕ ತಿಳಿಸಿ ಎಂದು ನೀವು ಕೇಳಿದಿರಿ. ಆ ದಿನಾಂಕದ ಪುಸ್ತಕ ಬೀಗದ ಆಚೆ, ಕೊಠಡಿಯ ಒಳಗಿತ್ತು. "ನಾನು ತೆಗೆದುಕೊಡ್ತೀನಿ ಸಾರ್, ಐದು ನಿಮಿಷದ ಕೆಲಸ," ಎಂದು ನಾನೇ ಎರಡು ಸಲ ಹೇಳಿದ್ದೆ. "ಹಾಗೆಲ್ಲ ಮುಟ್ಟೋ ಹಾಗಿಲ್ಲಪ್ಪ, ನಾಳೆ ನನ್ನ ತಲೆಗೆ ಬರುತ್ತೆ," ಎಂದರು. ಹದಿನಾಲ್ಕು ತಿಂಗಳು ಯಾರೂ ಮುಟ್ಟಲಿಲ್ಲ.

ಆಮೇಲೆ ನಿಮ್ಮ ತಪಾಸಣೆಯ ಸುತ್ತೋಲೆ ಬಂತು. ಮೂರು ವಾರ ಮುಂಚಿತವಾಗಿ, ದಿನಾಂಕ ಮತ್ತು ಗಂಟೆಯ ಸಮೇತ. ಹಿಂದಿನ ದಿನ ಮಧ್ಯಾಹ್ನ ಹೆಡ್ಮಾಸ್ತರು ನಮ್ಮ ಅಂಗಡಿಗೇ ಓಡಿ ಬಂದರು.

"ಬೇಗ ಬಾರಪ್ಪ, ನಿನ್ನ ಕೊಕ್ಕೆ ತಂತಿ ಎಲ್ಲ ತಗೋ."

"ಅನುಮತಿ ಬಂತಾ ಸಾರ್?"

"ಸಾಹೇಬ್ರೇ ಬರ್ತಿದಾರೆ, ಇನ್ನೆಂಥ ಅನುಮತಿ!"

ಹೋದೆ. ಬೀಗದ ತೂತಿನೊಳಗೆ ಕಣಜವೊಂದು ಮಣ್ಣು ಮೆತ್ತಿ ಗೂಡು ಕಟ್ಟಿ, ಮರಿ ಮಾಡಿ, ಮರಿಗಳು ಹಾರಿಹೋಗಿ ಖಾಲಿಯಾದ ಗುರುತಿತ್ತು. ಅದನ್ನೆಲ್ಲ ಕೆದಕಿ ತೆಗೆಯಲು ಐದು ನಿಮಿಷ ಸಾಲಲಿಲ್ಲ, ಅರ್ಧ ಗಂಟೆ ಬೇಕಾಯಿತು. ಒಳಗೆ ಪ್ಲಾಸ್ಟಿಕ್ ಬಿಚ್ಚದ ಮೆತ್ತೆಗಳು, ಗೋಡೆಗೆ ಒರಗಿಸಿದ ದೊಡ್ಡ ಕನ್ನಡಿ, ಡಬ್ಬದಲ್ಲೇ ಕುಳಿತ ಸ್ಪಂಜಿನ ಅಕ್ಷರಗಳು. ನಿಮ್ಮ ವರದಿಯನ್ನು ಈಗ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರೆ. 'ವಿಶೇಷ ಕಲಿಕಾ ಕೊಠಡಿಯನ್ನು ಪ್ರತಿದಿನ ಬಳಸಲಾಗುತ್ತಿದೆ' ಎಂಬುದು ಅದರ ಎರಡನೇ ಸಾಲು. ನಿಜ, ಆದರೆ ಬಳಸಿದ್ದು ಕಣಜ.

ಈಗ ನನ್ನ ಪಾಲಿನ ತಪ್ಪು. ಇದನ್ನು ಬಿಟ್ಟು ಬರೆದರೆ ಉಳಿದದ್ದನ್ನೂ ನೀವು ನಂಬಬೇಕಿಲ್ಲ. ಬೀಗ ತೆಗೆದಾದ ಮೇಲೆ ಹೆಡ್ಮಾಸ್ತರು ನನ್ನ ಹೆಗಲ ಮೇಲೆ ಕೈಹಾಕಿ, "ನಾಳೆ ಒಂದಿನ ನಿಮ್ಮ ಹುಡುಗಿಗೆ ರಜೆ ಹಾಕಿಸಿಬಿಡು. ದೊಡ್ಡೋರ ಮುಂದೆ ಗಾಬರಿ ಬೀಳ್ತಾಳೆ, ಪಾಪ ಅವಳಿಗ್ಯಾಕೆ ಹಿಂಸೆ," ಎಂದರು. ಅವರ ದನಿಯಲ್ಲಿ ಕಪಟವಿರಲಿಲ್ಲ. ಹುಡುಗಿ ಗಾಬರಿ ಬೀಳುವುದೂ ನಿಜವೇ. ನಾನು ಅಲ್ಲೇ ಮೇಜಿನ ಮೇಲೆ ಕಾಗದ ಇಟ್ಟುಕೊಂಡು, 'ಜ್ವರವಿರುವ ಕಾರಣ ಒಂದು ದಿನ ರಜೆ ನೀಡಬೇಕು' ಎಂದು ಬರೆದು ಸಹಿ ಹಾಕಿದೆ. ಜ್ವರ ಯಾರಿಗೂ ಇರಲಿಲ್ಲ. ಶಾಲೆಗೆ ಹೋಗುತ್ತಿದ್ದಾಗ ನಾನು ಒಂದು ಅರ್ಜಿಯನ್ನೂ ಸರಿಯಾಗಿ ಬರೆದವನಲ್ಲ. ಅವತ್ತು ಒಂದು ಚಿತ್ತೂ ಇಲ್ಲದೆ ಬಂತು.

ಮರುದಿನ ಸಂಜೆ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮಿಣುಕಿಯ ತರಗತಿಯ ಮಾನಿಟರ್, ನಮ್ಮ ಪಕ್ಕದ ಓಣಿಯ ಹುಡುಗಿ, ಉಸಿರು ಬಿಡುತ್ತಾ ಓಡಿಬಂದಳು. ಓದಿನಲ್ಲಿ ಮೊದಲು, ಓಟದಲ್ಲಿ ಮೊದಲು, ಚಾಡಿಯಲ್ಲೂ ಮೊದಲು.

"ಮಾಮಾ, ಗೊತ್ತಾ? ಇವತ್ತು ನಾನು ಮಿಣುಕಿ ಆಗಿದ್ದೆ!"

"ಏನಂದೆ?"

"ಹೊಸ ರೂಮಲ್ಲಿ ಮೆತ್ತೆ ಮೇಲೆ ಕೂರಿಸಿದ್ರು. ಸಾಹೇಬ್ರು ಹೆಸರು ಕೇಳಿದ್ರು, ಇವಳ ಹೆಸರು ಹೇಳ್ದೆ. ಓದು ಅಂದ್ರು. ನಾನು ಎರಡು ಪುಟ ಓದಿಬಿಟ್ಟೆ. ಸಾಕು ಸಾಕು ಅಂದ್ರು!"

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಮಿಣುಕಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವಳ ಮುಖ ಅರಳಿತ್ತು. ಗೆಳತಿಯ ಕೈ ಹಿಡಿದು ಕೇಳಿದಳು: "ಹಂಗಾದ್ರೆ ನಾನು ಚೆನ್ನಾಗಿ ಓದಿದ್ನಾ?"

"ಸಕತ್ತಾಗಿ ಓದ್ದೆ ಕಣೇ!"

ಮಾನ್ಯರೇ, ಆ ಮಕ್ಕಳಿಬ್ಬರೂ ಕುಣಿದರು. ಅಡುಗೆಮನೆಯಲ್ಲಿ ತಲೆ ತಗ್ಗಿಸಿದವನು ನಾನೊಬ್ಬನೇ.

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ನೀವು ಕಟ್ಟಿ, ಕರುವಿಗೆ ಹಾಲಿನ ಪ್ರಮಾಣಪತ್ರವನ್ನೂ ಕೊಟ್ಟಿರಿ. ಕಡತದ ಮೊದಲ ಪುಟದಲ್ಲಿ ಮಿಣುಕಿಯ ಫೋಟೋ ಇದೆ. ಫೋಟೋದ ಹುಡುಗಿಗೆ ಕನ್ನಡಕವಿಲ್ಲ, ನಿಮ್ಮೆದುರು ಮೆತ್ತೆಯ ಮೇಲೆ ಕುಳಿತವಳಿಗಿತ್ತು. ಕನ್ನಡಕ ಹಾಕಿದ ಕೂಡಲೇ ಓದು ಬಂತು ಎಂದುಕೊಂಡಿರಾ? ಅವತ್ತು ಬೇರೆ ಶಾಲೆಯಲ್ಲಿದ್ದ ಮಂಗಳವಾರದ ಟೀಚರ್ ಹಿಂದಿನ ವಾರದ ಟಿಪ್ಪಣಿಯಲ್ಲಿ 'ಒಂದು ಸಾಲು, ನಾಲ್ಕು ನಿಮಿಷ' ಎಂದು ಬರೆದಿದ್ದರು. ಏಳು ದಿನದಲ್ಲಿ ಒಂದು ಸಾಲು ಎರಡು ಪುಟವಾದದ್ದು ಹೇಗೆ ಎಂದು ಕೇಳಬೇಕೆನಿಸಲಿಲ್ಲವೇ? ನಮ್ಮ ಅಂಗಡಿಗೆ ಯಾರಾದರೂ ಬಂದು 'ಮನೆ ಕೀಲಿ ಕಳೆದಿದೆ, ಬಾಗಿಲು ತೆಗೆದುಕೊಡು' ಎಂದರೆ ಆ ಮನೆ ಅವರದೇ ಹೌದೋ ಎಂದು ಪಕ್ಕದ ಮನೆಯವರನ್ನು ಕೇಳಿಯೇ ನಾನು ಬೀಗಕ್ಕೆ ಕೈಹಾಕುವುದು. ಅರ್ಧ ಒಂಬತ್ತನೇ ತರಗತಿಗೆ ಬರುವಷ್ಟು ಅನುಮಾನ, ಅಷ್ಟೆಲ್ಲ ಪದವಿ ಪಡೆದವರಿಗೆ ಬರದೇ ಹೋಯಿತೇ?

ನೀವು ಹನ್ನೊಂದು ನಿಮಿಷ ಇದ್ದಿರಂತೆ. ಹೊರಡುವಾಗ ಬರೆದದ್ದು ಇದು: 'ಅದ್ಭುತ ಪ್ರಗತಿ. ಈ ಮಗುವಿಗೆ ಇನ್ನು ವಿಶೇಷ ಬೆಂಬಲದ ಅಗತ್ಯ ಕಂಡುಬರುವುದಿಲ್ಲ.' ಹದಿನೈದು ದಿನದೊಳಗೆ ಮಿಣುಕಿಯ ಹೆಸರು ಪಟ್ಟಿಯಿಂದ ಹೋಯಿತು, ನಮ್ಮ ಶಾಲೆಯಿಂದ ಇದ್ದದ್ದು ಅದೊಂದೇ ಹೆಸರು. ಪಟ್ಟಿಯಲ್ಲಿ ಮಕ್ಕಳೇ ಇಲ್ಲದ ಶಾಲೆಗೆ ಟೀಚರ್ ಏಕೆ ಎಂದು ಮಂಗಳವಾರವೂ ಹೋಯಿತು. ನಿಮ್ಮ ಕಚೇರಿ ಇಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೆಸರನ್ನು ಮತ್ತೆ ಸೇರಿಸಿ ಎಂದು ಕೇಳಲು ಅಕ್ಕ ಒಂದು ಪಾಳಿ ಬಿಟ್ಟು ಬಂದಳು. ನಿಮ್ಮ ಗುಮಾಸ್ತರು ಕಡತ ತಿರುವಿ, "ಅಮ್ಮಾ, ಗುಣ ಆಯ್ತು ಅಂತ ಬರೆದಿದೆಯಲ್ಲ. ಮತ್ತೆ ಹೇಗೆ ಬಂತು?" ಎಂದರು.

"ಇದು ಹೋಗಿ ಬರೋಕೆ ನೆಗಡಿ ಅಲ್ಲ ಸಾರ್. ಕಾಯಿಲೆನೇ ಅಲ್ಲ. ಅವಳಿಗೆ ಕಲಿಸೋ ರೀತಿ ಬೇರೆ, ಅಷ್ಟೇ," ಎಂದಳು ಅಕ್ಕ.

"ಕಾಯಿಲೆ ಅಲ್ಲ ಅಂದ್ರೆ ಅರ್ಜಿ ಯಾಕೆ?"

ಅಕ್ಕ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. ನಿಮ್ಮ ಕಚೇರಿಯ ಪೀಠೋಪಕರಣಗಳ ಪರವಾಗಿ ಅವಳಿಗೆ ಒಂದು ಧನ್ಯವಾದ ಸಲ್ಲಬೇಕು. ಹೊಸದಾಗಿ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ತರಬೇಕಂತೆ. ಸರದಿ ಬರಲು ಎಂಟು ತಿಂಗಳು.

ಎಂಟು ತಿಂಗಳು ಹೇಗೋ ಕಳೆಯುತ್ತೇವೆ ಎಂದುಕೊಂಡಿದ್ದೆವು. ಆದರೆ ತಪಾಸಣೆಯಾದ ಮೇಲೆ ಮೂರನೇ ತರಗತಿಗೆ ಹೊಸ ಟೀಚರ್ ವರ್ಗವಾಗಿ ಬಂದಿದ್ದಾರೆ. ಅವರಿಗೆ ಈ ನಾಟಕವೇನೂ ಗೊತ್ತಿಲ್ಲ. ಅವರು ನಂಬಿರುವುದು ನಿಮ್ಮ ವರದಿಯನ್ನು. ಕಳೆದ ತಿಂಗಳು ಮಿಣುಕಿ ಪುಸ್ತಕ ಹಿಡಿದು ಬಾಯಿಬಿಡದೆ ನಿಂತಾಗ, "ಸಾಹೇಬ್ರ ಮುಂದೆ ಎರಡು ಪುಟ ಓದ್ತೀಯ, ನನ್ನ ಮುಂದೆ ಬಾಯಿ ಬರಲ್ವಾ? ಎಷ್ಟು ಕೊಬ್ಬು ನಿಂಗೆ!" ಎಂದು ಹೊರಗೆ ನಿಲ್ಲಿಸಿದರು. ಆಮೇಲೆ ಅದೇ ಅಭ್ಯಾಸವಾಯಿತು. ನಾನು ಕರೆತರಲು ಹೋದಾಗೆಲ್ಲ ಅವಳು ಬಾಗಿಲ ಹೊರಗೆ, ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಾ ನಿಂತಿರುತ್ತಾಳೆ. ಮುಂಚೆ ಅವಳು ಓದಲು ಬಾರದ ಹುಡುಗಿಯಾಗಿದ್ದಳು. ಈಗ ಓದಲು ಬಂದೂ ಓದದ ಹುಡುಗಿ. ಮೊದಲನೆಯವಳಿಗೆ ಸಹಾಯ ಸಿಗುತ್ತಿತ್ತು. ಎರಡನೆಯವಳಿಗೆ ಸಿಗುವುದು ಶಿಕ್ಷೆ.

ಆ ಜಾಗ ನನಗೆ ಗೊತ್ತು ಮಾನ್ಯರೇ. ನನಗೂ ಅಕ್ಷರಗಳು ಹೀಗೆಯೇ ಜಾರುತ್ತಿದ್ದವು. ನನ್ನ ಕಾಲದಲ್ಲಿ ಮಂಗಳವಾರ ಯಾರೂ ಬರುತ್ತಿರಲಿಲ್ಲ. ಸೋಮಾರಿ ಎಂಬ ಬಿರುದು ಮಾತ್ರ ವಾರದ ಆರೂ ದಿನ ಬರುತ್ತಿತ್ತು. ಒಂಬತ್ತನೇ ತರಗತಿಯ ಒಂದು ಬೆಳಿಗ್ಗೆ ಹೊರಗೆ ನಿಂತವನು ಒಳಗೆ ಕರೆಯುವವರೆಗೆ ಕಾಯದೆ ಗೇಟು ದಾಟಿದೆ. ಯಾರೂ ಹುಡುಕಿಕೊಂಡು ಬರಲಿಲ್ಲ. ಇದನ್ನು ಕರುಣೆಗಾಗಿ ಹೇಳುತ್ತಿಲ್ಲ, ನನ್ನ ಹೊಟ್ಟೆಪಾಡು ನಡೆಯುತ್ತಿದೆ. ಆದರೆ ಮೊನ್ನೆ ಮನೆಗೆ ಬರುವ ದಾರಿಯಲ್ಲಿ ಮಿಣುಕಿ, "ಮಾಮಾ, ನೀನು ಸ್ಕೂಲು ಬಿಟ್ಟಾಗ ಅಜ್ಜಿ ಬೈದ್ಲಾ?" ಎಂದು ಕೇಳಿದಳು. ಏನೋ ಲೆಕ್ಕ ಹಾಕುವವಳ ಹಾಗೆ ಕೇಳಿದಳು. ಎಂಟು ವರ್ಷಕ್ಕೆ. ಅವತ್ತಿನಿಂದ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ.

ಟೀಚರ್ ಕೊಟ್ಟುಹೋದ ರಟ್ಟು ಹಿಡಿದು ಈಗ ಸಂಜೆ ನಾನೇ ಓದಿಸುತ್ತೇನೆ. ಕುರುಡನಿಗೆ ಕುರುಡ ದಾರಿ ತೋರಿಸಿದ ಹಾಗೆ. ಒಂದು ದಿನ ಇಬ್ಬರೂ ಒಂದೇ ಒತ್ತಕ್ಷರದಲ್ಲಿ ಸಿಕ್ಕಿಬಿದ್ದು, ಅಕ್ಕ ಬರುವವರೆಗೆ ಆ ಪದದ ಮುಂದೆ ಹಾಗೇ ಕುಳಿತಿದ್ದೆವು.

ನನ್ನ ಬೇಡಿಕೆಗೆ ಬರುತ್ತೇನೆ. ಮೊದಲು, ಏನು ಬೇಡ ಎಂಬುದು. ಹೆಡ್ಮಾಸ್ತರನ್ನು ಅಮಾನತು ಮಾಡಿ ಕೈ ತೊಳೆದುಕೊಳ್ಳಬೇಡಿ. ಅಷ್ಟು ದೊಡ್ಡ ಶಾಲೆಯನ್ನು ಮೂವರು ಶಿಕ್ಷಕರನ್ನಿಟ್ಟುಕೊಂಡು ನಡೆಸುವವರು ಅವರು, ನಿಮಗೆ ಹೆದರಿ ನಿಮಗೆ ಇಷ್ಟವಾದದ್ದನ್ನು ತೋರಿಸಿದರು. ಮಾನಿಟರ್ ಹುಡುಗಿಗೆ ಒಂದು ಮಾತೂ ಅನ್ನಬೇಡಿ. ಶಿಕ್ಷೆ ಕೊಡಲೇಬೇಕು ಎಂದಿದ್ದರೆ ರಜಾಚೀಟಿಯಲ್ಲಿ ನನ್ನ ಸಹಿ ಇದೆ.

ಬೇಕಾದದ್ದು ಇಷ್ಟು. ಸುತ್ತೋಲೆ ಕಳಿಸದೆ ಒಂದು ಸಾಧಾರಣ ದಿನ ಬನ್ನಿ. ತರಗತಿಯ ಹೊರಗೆ ನಿಂತಿರುವ ಹುಡುಗಿಯನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವಳು ಒಂದು ಸಾಲು ಮುಗಿಸುವ ತನಕ ಗಡಿಯಾರ ನೋಡದೆ ಕಾಯಿರಿ. ಆಮೇಲೆ ನಿಮ್ಮ 'ಅದ್ಭುತ ಪ್ರಗತಿ'ಯನ್ನು ಹೊಡೆದುಹಾಕಿ, ನಿಮ್ಮ ಕೈಯಾರೆ ಬರೆಯಿರಿ: 'ಈ ಮಗುವಿಗೆ ಇನ್ನೂ ಸರಿಯಾಗಿ ಓದಲು ಬರುವುದಿಲ್ಲ. ಟೀಚರನ್ನು ಕೂಡಲೇ ವಾಪಸು ಕಳಿಸಿ.' ಬೇರೆ ತಂದೆತಾಯಿ ಮಗು ಜಾಣ ಎಂದು ಬರೆಸಿಕೊಳ್ಳಲು ಒದ್ದಾಡುತ್ತಾರೆ. ಇಲ್ಲ ಎಂದು ಬರೆದುಕೊಡಿ ಎಂದು ಕೈಮುಗಿಯುವ ಮನೆ ನಮ್ಮದೊಂದೇ ಇರಬೇಕು.

ಬರೆದುಕೊಟ್ಟರೆ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಮಿಣುಕಿ ಅದನ್ನು ತಾನೇ ಗಟ್ಟಿಯಾಗಿ ಓದಿದ ದಿನ ಇಳಿಸುತ್ತೇವೆ.

ಇಂತಿ,
ಇಲ್ಲದ ಜ್ವರಕ್ಕೆ ಸಹಿ ಹಾಕಿದವನು,
ನಿಮ್ಮ ಕಡತದಲ್ಲಿ ಮಾತ್ರ ಗುಣವಾಗಿರುವ ಹುಡುಗಿಯ ಸೋದರಮಾವ
(ವಿದ್ಯಾರ್ಹತೆ: ಒಂಬತ್ತನೇ ತರಗತಿ, ಅರ್ಧ)