ಬಳೆ ಮತ್ತು ಕಂಬಿ

ಮಾರ್ಚ್ ೯, ಸೋಮವಾರ

ಬಳೆ ಬಿಟ್ಟು ಕಂಬಿಯನ್ನೇ ಬಡಿದವಳಿಗೆ,

ಅಕ್ಷರ ಗುರುತು ಹಿಡಿದೊಡನೆ ಕಾಗದ ಹರಿಯಬೇಡ. ಈ ಸಲ ನಾನೇ ಸರಿ ಎಂದು ಸಾಧಿಸಲು ಬರೆಯುತ್ತಿಲ್ಲ. ಎರಡು ವರ್ಷ ಪಾಲಿಕೆಗೂ ಸಂಪಾದಕರಿಗೂ ಬರೆದು ಬರೆದು ಕೈ ಕೆಟ್ಟಿದೆ. ಅಲ್ಲಲ್ಲಿ ಅರ್ಜಿಯ ವಾಸನೆ ಬಂದರೆ ಸಹಿಸಿಕೋ.

ನಮ್ಮ ಬಾಗಿಲು ಬಡಿಯುವ ಹಿತ್ತಾಳೆಯ ಬಳೆ, ಕಂಬಿ ಮನೆಗೆ ಬಂದಿವೆ. ಬೀದಿಯನ್ನು ಚೆಂದ ಮಾಡುತ್ತೇವೆಂದು ಪಾಲಿಕೆಯವರು ಮನೆಮನೆಯ ಬಾಗಿಲಿನಿಂದ ಕಿತ್ತು, ಬದಲಿಗೆ ಕರೆಗಂಟೆ ಹಾಕಿಹೋದರಲ್ಲ, ಆ ಜೋಡಿಯೇ. ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ ಅಂದಿದ್ದರು. ಇಟ್ಟದ್ದು ಉಗ್ರಾಣದ ಗೋಣಿಚೀಲದಲ್ಲಿ. ಮಸೀದಿಯ ದೊಡ್ಡ ಬಾಗಿಲಿಗೆ ನಕ್ಷತ್ರ, ಬಳ್ಳಿ ಕೆತ್ತಿದ ಮನೆತನದವರೇ ಕೆತ್ತಿದ ಕೆಲಸ, ಆಲೂಗಡ್ಡೆಯ ಹಾಗೆ ಬಿದ್ದಿತ್ತು. ನಮ್ಮದನ್ನು ಕೂಡಲೇ ಗುರುತಿಸಿದೆ. ಕಂಬಿಯ ಕೆಳಗಿನ ಎಂಟು ಮೂಲೆಯ ನಕ್ಷತ್ರದಲ್ಲಿ ಒಂದು ಮೂಲೆ ಚಪ್ಪಟೆ. ನೀನು ಬಡಿದು ಬಡಿದು ಮಾಡಿದ್ದು.

ನೆನಪಿದೆಯೇ? ಎಡ ಕದದ ತೆಳು ಬಳೆ ಹೆಂಗಸರಿಗೆ, ಬಲ ಕದದ ದಪ್ಪ ಕಂಬಿ ಗಂಡಸರಿಗೆ. ಸದ್ದು ಕೇಳಿಯೇ ಒಳಗಿದ್ದವರಿಗೆ ಯಾರು ಎದ್ದು ಹೋಗಬೇಕೆಂದು ತಿಳಿಯುತ್ತಿತ್ತು. ಮದುವೆಯಾದ ಹೊಸತರಲ್ಲೇ ನೀನು ಕಂಬಿ ಹಿಡಿದೆ. ಅಮ್ಮ ರೇಗಿದರೆ, ಕೈಗೆ ಸಿಕ್ಕಿದ್ದು ಬಡಿದೆ ಅತ್ತೆ, ಅಂದೆ. ನನಗೆ ಮಾತ್ರ ಅಡುಗೆಮನೆಯಲ್ಲಿ ಗುಟ್ಟು ಹೇಳಿದೆ: "ಬಳೆ ಬಡಿದ್ರೆ ನಿಮ್ಮಮ್ಮ ಬರ್ತಾರೆ. ಕಂಬಿ ಬಡಿದ್ರೆ ನೀವು ಬರ್ತೀರಿ. ಅಷ್ಟೂ ಗೊತ್ತಾಗಲ್ವೇನ್ರೀ?"

ಇನ್ನು ಹೇಳಲೇಬೇಕಾದದ್ದು. ಯಜಮಾನ ಒಪ್ಪಿಗೆ ಕೊಡದ ಮನೆಗಳಿಗೆ ಹಿತ್ತಾಳೆ ಹಿಂತಿರುಗಿಸುತ್ತೇವೆಂದು ಪಾಲಿಕೆ ಕೊನೆಗೂ ಮಣಿಯಿತು. ಎದೆಯುಬ್ಬಿಸಿ ಹೋದೆ. ಗುಮಾಸ್ತೆ ಕಡತ ತೆಗೆದು, ನಮ್ಮ ಮನೆಯ ಒಪ್ಪಿಗೆ ಪತ್ರ ನನ್ನ ಮುಂದೆ ಹಿಡಿದಳು. ಸಹಿ ಕೆಂಪು ಶಾಯಿಯದು. ಈ ಬೀದಿಯಲ್ಲಿ ಕೆಂಪು ಶಾಯಿಯಲ್ಲಿ ಸಹಿ ಹಾಕುವ ಕರಡು ತಿದ್ದುವವನು ಒಬ್ಬನೇ. ಅಂದು ಯಾರೋ ಬಾಗಿಲಿಗೆ ಬಂದು ಕಾಗದ ನೀಡಿದ್ದು, ಅಚ್ಚಿಗೆ ಹೋಗಬೇಕಿದ್ದ ಪುಟದಿಂದ ಕಣ್ಣೆತ್ತದೆ ನಾನು ಗೀಚಿದ್ದು, ಆಗ ನೆನಪಾಯಿತು. ಮೂವತ್ತು ವರ್ಷ ಊರಿನವರ ತಪ್ಪು ಹುಡುಕಿದವನು ತನ್ನ ಮುಂದಿನ ಹಾಳೆ ಓದಲಿಲ್ಲ.

ಆದರೆ ಹಿತ್ತಾಳೆ ಕಿತ್ತ ದಿನ, ಸಹಿ ಮಾಡಿದ್ದು ನೀನೇ ಎಂದು ನಾನು ಹಟ ಹಿಡಿದಿದ್ದೆ. ಸಾಲದ್ದಕ್ಕೆ "ಮನೆಯ ಹೆಂಗಸರ ಅಜ್ಞಾನವನ್ನು ಬಳಸಿಕೊಂಡು" ಎಂದು ಪತ್ರಿಕೆಗೆ ಬರೆದೆ. ಎಷ್ಟೋ ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನು ಊರೆಲ್ಲ ಓದುವ ಹಾಗೆ ಅಜ್ಞಾನಿ ಅಂದೆ. ನೀನು ಜಗಳವಾಡದೆ ತಂಗಿಯ ಮನೆಗೆ ಹೋದೆ.

ಆ ಕೆಂಪು ಸಹಿ ನೋಡಿದ ಮೇಲೆ ನಾನು ಗುಮಾಸ್ತೆಗೆ, ತಪ್ಪು ನನ್ನದೇ ತಾಯಿ, ಓದದೆ ಸಹಿ ಹಾಕಿದೆ, ಅಂದೆ. ಅವಳು ನಕ್ಕು, "ನಲವತ್ತೊಂದು ಅರ್ಜಿ ಕೊಟ್ಟಿದ್ದೀರ ಸಾರ್, ಇದನ್ನೂ ಬರ್ದುಕೊಟ್ಬಿಡಿ. ಗೋಣಿ ಖಾಲಿಯಾದ್ರೆ ನಮಗೂ ಜಾಗ ಆಗುತ್ತೆ" ಅಂದಳು. ಬರೆದುಕೊಟ್ಟೆ, ಹಿತ್ತಾಳೆ ಕೈಗೆ ಬಂತು. ಆ ತಪ್ಪೊಪ್ಪಿಗೆಯ ಪ್ರತಿಯನ್ನು ಪತ್ರಿಕೆಗೂ ಕಳಿಸಿದೆ. ನಿನ್ನೆ ಅಚ್ಚಾಗಿದೆ, ಹಿಂದೆ ಆ ಅಜ್ಞಾನದ ಮಾತು ಬಂದ ಪುಟದಲ್ಲೇ. ತುಣುಕು ಜೊತೆಗಿಟ್ಟಿದ್ದೇನೆ. ಎರಡು ಅಚ್ಚಿನ ತಪ್ಪುಗಳಿವೆ, ತಿದ್ದಿಲ್ಲ.

ಮನೆ ಚೆನ್ನಾಗಿದೆ. ನಿನ್ನ ಕಿಟಕಿಯ ಗಿಡಗಳಲ್ಲಿ ಎರಡು ಬದುಕಿವೆ. ಹಿತ್ತಾಳೆಯನ್ನು ಹುಳಿ ಹಚ್ಚಿ ನಾನೇ ಉಜ್ಜಿದೆ. ಬೆಳಗಿನ ಬಿಸಿಲು ಅದರ ಮೇಲೆ ಬಿದ್ದಾಗ ಎದುರಿನ ದರ್ಜಿ, ಬಾಗಿಲು ತೆರೆದಿಡಿ ಸ್ವಾಮಿ, ಹೊಳಪಿಗೆ ಸೂಜಿ ಕಾಣ್ತಿಲ್ಲ, ಎಂದು ಕೂಗುತ್ತಾನೆ. ನನಗೆ ಹಿತವಾಗಿದೆ. ಬಾ ಎಂದು ಕೇಳುವ ಹಕ್ಕನ್ನು ಕಳೆದುಕೊಂಡಿದ್ದೇನೆ, ಆದ್ದರಿಂದ ಕೇಳುವುದಿಲ್ಲ.

ಇಂತಿ,
ಓದದೆ ಸಹಿ ಹಾಕಿದವನು

ಮತ್ತೆ: ನಕ್ಷತ್ರದ ಚಪ್ಪಟೆ ಮೂಲೆಯನ್ನು ನೇರ ಮಾಡಲೇ ಎಂದು ಕಂಚುಗಾರ ಕೇಳಿದ, ಬೇಡ ಅಂದೆ. ಮೊಳೆ ಬಿಗಿದು, ಪರೀಕ್ಷೆಗೆಂದು ಕಂಬಿಯನ್ನು ಮೂರು ಸಲ ಬಡಿದ. ಬಡಿಯುವವನು ಅವನೇ ಎಂದು ಗೊತ್ತಿದ್ದರೂ ನಾನು ಹಿತ್ತಲಿನಿಂದ ಒಂದೇ ಚಪ್ಪಲಿಯಲ್ಲಿ ಓಡಿ ಬಂದು ಬಾಗಿಲು ತೆರೆದೆ.