ಇಲ್ಲಿಯವರೆಗೆ ಮುಟ್ಟಿತು

ಸೌತ್ ಬಿ, ನೈರೋಬಿ
೧೪ ಜೂನ್ ೨೦೨೫, ಶನಿವಾರ

ಪ್ರೀತಿಯ ಪ್ರಗತಿ,

…ಹಾಗಾದರೆ ಸಮುದ್ರವನ್ನೇ ಸಾಕ್ಷಿಗೆ ಕರೆಯಬೇಕಿತ್ತು ಎಂದೇನೋ ನೀನು ಅಂದಿದ್ದೆ. ಆಗ ನಿನಗೆ ಹನ್ನೆರಡು. ಅಂದದ್ದು ಇಂಗ್ಲಿಷಿನಲ್ಲಿ, ನನಗೆ ನೆನಪಿರುವುದು ಕನ್ನಡದಲ್ಲಿ. ಬೆಳಗಿನಿಂದ ಆ ಮಾತಿನ ಸರಿಯಾದ ರೂಪ ಹುಡುಕುತ್ತಿದ್ದೇನೆ.

ಚೆನ್ನಾಗಿದ್ದೀಯಾ? ಇದು ನಿನ್ನ ಹುಟ್ಟುಹಬ್ಬಕ್ಕೆ ಬರೆಯಬೇಕಿದ್ದ ಕಾಗದ, ಮೂರು ತಿಂಗಳು ತಡವಾಯಿತು. ಫೋನಿನಲ್ಲಿ ಒಂದು ಸಾಲು ಕಳಿಸಬಹುದಿತ್ತು. ನೀನು ‘ಓಕೆ ಅಪ್ಪಾ’ ಎನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ನೀನಿರುವ ಕಿಸುಮುವಿನಲ್ಲಿ ಸೆಕೆ ಇರಬೇಕು. ಇಲ್ಲಿ ಜೂನಿನ ಚಳಿ. ಅಮ್ಮ ಎರಡು ಸ್ವೆಟರ್ ಹಾಕಿಕೊಂಡು ನನ್ನನ್ನು ಬೈಯುತ್ತಿದ್ದಾಳೆ.

ಬೈಯುವುದಕ್ಕೆ ಕಾರಣವಿದೆ. ನಮ್ಮ ಕಾಜಿಯ, ಆ ಹಳೆಯ ನ್ಯಾಯಾಧೀಶನ ಪುಸ್ತಕ ಕೊನೆಯ ಅಧ್ಯಾಯವೊಂದನ್ನು ಬಿಟ್ಟು ಅಚ್ಚಿಗೆ ಸಿದ್ಧವಾಗಿದೆ. ಆ ಅಧ್ಯಾಯದ ಅನುವಾದವೂ ಮುಗಿದಿದೆ, ನಾನು ಕಳಿಸಿಲ್ಲ. ಬೆಂಗಳೂರಿನಿಂದ ಪ್ರಕಾಶಕಿ ಮಧುರಾ ಫೋನ್ ಮಾಡಿದ್ದರು. “ಸಾರ್, ಹದಿನೈದು ವರ್ಷ ಆಯ್ತು. ಬರೆಯೋಕೆ ಆ ಕಾಜಿನೂ ಇಷ್ಟು ಟೈಮ್ ತಗೊಂಡಿರಲ್ಲ.”

ಓದಿ ಕೇಳಿಸುವವರಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಿನಗೆ ಆಗುತ್ತದೆ. ಲಾಮು ದ್ವೀಪದ ಆ ಹಸ್ತಪ್ರತಿಯ ಫೋಟೊಗಳನ್ನು ನೀನು ಊಟದ ಮೇಜಿನ ಮೇಲೆ ಹರಡಿಕೊಂಡು ನೋಡಿದವಳು. ಆರುನೂರು ವರ್ಷದ ಹಿಂದೆ ಕಾಜಿ ತನ್ನ ಪುಸ್ತಕವನ್ನು ತಾನೇ ಸರಿ ಎನ್ನುವಂತಿರಲಿಲ್ಲ. ಬರೆದದ್ದನ್ನು ಇನ್ನೊಬ್ಬರು ಎದುರಿಗೆ ಕೂತು ಗಟ್ಟಿಯಾಗಿ ಓದಬೇಕು, ಅವನು ಕೇಳಿ ತಿದ್ದಬೇಕು. ಆ ದಿನದ ಓದು ನಿಂತಲ್ಲಿ ಅಂಚಿನಲ್ಲಿ ಒಂದು ಗುರುತು, ‘ಇಲ್ಲಿಯವರೆಗೆ ಮುಟ್ಟಿತು’ ಎಂದು. ನಾವೂ ಅದನ್ನೇ ಹಿಡಿದೆವು. ಶನಿವಾರ ಮಧ್ಯಾಹ್ನ ನೀನು ನನ್ನ ಕನ್ನಡವನ್ನು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದೆ, ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ನೀನು ಎಡವಿದ ವಾಕ್ಯವೆಂದರೆ ನಾನು ಕೆಟ್ಟದಾಗಿ ಬರೆದ ವಾಕ್ಯ. ಕೊನೆಗೆ ನಿನ್ನ ಪೆನ್ಸಿಲ್ ಗುರುತು, ಪಕ್ಕದಲ್ಲಿ ಒಂದು ಮೀನು. ಮೀನು ಯಾಕೆ ಎಂದು ನಾನು ಕೇಳಲೇ ಇಲ್ಲ.

ಹರೆಯದಲ್ಲಿ ಕಾಜಿ ಕೊಟ್ಟ ತೀರ್ಪು ನಿನಗೆ ನೆನಪಿರಬೇಕು. ಕಡಲಿಗೆ ಹೋಗಿ ಕಾಣೆಯಾದವನಿಗಾಗಿ ಅವನ ಹೆಂಡತಿ ನಾಲ್ಕು ವರ್ಷ ಕಾದರೆ ಸಾಕು, ಆಮೇಲೆ ಅವಳು ಸ್ವತಂತ್ರಳು. ನೀನು ಸಮುದ್ರದ ಸಾಕ್ಷಿ ಕೇಳಿದ್ದು ಅಲ್ಲೇ. ಕೊನೆಯ ಅಧ್ಯಾಯದಲ್ಲಿ, ಮುದುಕನಾದ ಮೇಲೆ, ಅದನ್ನು ಹಿಂದಕ್ಕೆ ಪಡೆಯುತ್ತಾನೆ. ಕಾಣೆಯಾದವನ ಓರಗೆಯವರೆಲ್ಲ ಸಾಯುವ ತನಕ ಕಾಯಬೇಕು ಎನ್ನುತ್ತಾನೆ. ಕಾರಣ ಕೊಡುವುದಿಲ್ಲ. ‘ದೇವರೇ ಹೆಚ್ಚು ಬಲ್ಲ’ ಎಂದು ಮುಗಿಸುತ್ತಾನೆ. ಆದರೆ ಅಂಚಿನ ಗುರುತುಗಳೆಲ್ಲ ಅವನಿಗೆ ಓದಿ ಹೇಳುತ್ತಿದ್ದ ಮಗನ ಕೈಬರಹ, ಅವು ಈ ಅಧ್ಯಾಯದ ಹಿಂದಿನ ಪುಟದಲ್ಲಿ ನಿಂತುಹೋಗಿವೆ. ಮಗ ಹಡಗು ಹತ್ತಿದವನು ಮರಳಲಿಲ್ಲ ಎಂದು ಬೇರೆ ಯಾರೋ ಕೆಳಗೆ ಬರೆದಿದ್ದಾರೆ.

ಇದನ್ನು ಅಮ್ಮನಿಗೆ ಹೇಳಿದೆ. ಚಪಾತಿ ಲಟ್ಟಿಸುತ್ತಿದ್ದವಳು ತಿರುಗಿ ನೋಡಲಿಲ್ಲ.

“ಅಪ್ಪ ಕಾದ, ಸರಿ ರೀ. ಸೊಸೆ ಏನ್ ಮಾಡಿದ್ಳಂತೆ?”

“ಅದು ಬರೆದಿಲ್ಲ.”

“ಬರೆಯಲ್ಲ. ತನ್ನ ಸಂಕಟಾನ ಊರಿಗೆಲ್ಲ ಕಾನೂನು ಮಾಡಿಟ್ಟು ಹೋದ. ನೀವೂ ಅದೇ ಜಾತಿ.”

ಮಹಡಿಯ ಮೇಲಿನ ವೈಭವ್, ಬ್ಯಾಂಕಿನ ಹುಡುಗ, ಹೋದ ವಾರ ಬಂದು ಓದಿದ. ಒಂದು ಕಡೆಯೂ ಎಡವದೆ ಇಪ್ಪತ್ತು ನಿಮಿಷದಲ್ಲಿ ಮುಗಿಸಿ, “ಸೂಪರಾಗಿದೆ ಸಾರ್” ಎಂದ. ನನಗೆ ಏನೂ ಕೇಳಿಸಲಿಲ್ಲ. ಗುರುತು ಹಾಕಲಿಲ್ಲ.

ನಿನ್ನ ಶಾಲೆಯ ಮಕ್ಕಳಿಗೆ ನನ್ನ ಆಶೀರ್ವಾದ. ಒಳ್ಳೆಯದಾಗಲಿ ಮಗಳೇ. ಮಟಾಟು ವ್ಯಾನಿನಲ್ಲಿ ಅಷ್ಟು ದೂರ ಬರಬೇಡ, ರೈಲು ಹಿಡಿ, ಬರುವುದಾದರೆ.

ನಿನ್ನ ಅಪ್ಪ,
ದ್ವಾರಕಾನಾಥ್

ಮರೆತದ್ದು: ಮರೆತಿಲ್ಲ, ಮೇಲೆ ಬರೆಯಲಾಗಲಿಲ್ಲ. ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವದ ಸಂಜೆ ಅಷ್ಟು ಜನರ ಎದುರಿಗೆ ನೀನು ನನ್ನ ಅನುವಾದವನ್ನು ಬೆರಳಿಟ್ಟು ಓದುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ಎದ್ದು ಬಂದು ಹಾಳೆಗಳನ್ನು ನಿನ್ನ ಕೈಯಿಂದ ತೆಗೆದುಕೊಂಡೆ. ಮೈಕಿನಲ್ಲಿ, “ಕ್ಷಮಿಸಿ, ನನ್ನ ಮಗಳ ಕನ್ನಡ ಅಷ್ಟಕ್ಕಷ್ಟೆ” ಎಂದು ಹೇಳಿ ವೈಭವನನ್ನು ಕರೆದೆ. ನೀನು ಬೆರಳನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದೆ. ಬರುವ ನವೆಂಬರಿಗೆ ನಾಲ್ಕು ವರ್ಷ ತುಂಬುತ್ತದೆ. ಕ್ರಿಸ್‌ಮಸ್ ರಜೆಗೆ ಬರುತ್ತೀಯೆ, ಉಣ್ಣುತ್ತೀಯೆ, ನಗುತ್ತೀಯೆ. ಕನ್ನಡದ ಒಂದು ಮಾತು ಈ ಮನೆಯಲ್ಲಿ ನಿನ್ನ ಬಾಯಿಂದ ಬಂದಿಲ್ಲ. ಕೊನೆಯ ಅಧ್ಯಾಯದ ಹಾಳೆಗಳು ಮೇಜಿನ ಮೇಲೆ, ನಿನ್ನ ಕೊನೆಯ ಮೀನಿರುವ ಪುಟದ ಹತ್ತಿರವೇ ಇವೆ.

ಇವತ್ತು ಆ ಖಾಲಿ ಅಂಚನ್ನು ನೋಡುತ್ತ ಮುದುಕನನ್ನೇ ಕೇಳಿಬಿಟ್ಟೆ. ಕಾಜಿಯವರೇ, ನಿಮ್ಮ ಮಗ ಕೊನೆಯ ಸಲ ಓದಿದ ದಿನ ನೀವು ಅವನಿಗೆ ಏನೆಂದಿರಿ?