ಚಿತ್ರಕ್ಕಾಗಿ ಮುಚ್ಚಿದ ತೂತುಗಳು

ನಗರದ ಗೋಡೆಗಳ ಉಸ್ತುವಾರಿ ಹೊತ್ತ ಮಾನ್ಯರೇ,

ನನ್ನ ಅಕ್ಕ ಸತ್ತದ್ದು ನೀವು ಹೇಳಿಕೆ ಕೊಟ್ಟಂತೆ ಪ್ರಕೃತಿ ವಿಕೋಪದಿಂದಲ್ಲ, ನೀವು ಮೆತ್ತಿಸಿದ ಸಿಮೆಂಟಿನಿಂದ.

ನಮ್ಮ ಓಣಿಯ ಪಕ್ಕ ಗುಡ್ಡವನ್ನು ಹಿಡಿದು ನಿಲ್ಲಿಸಿದ ತಡೆಗೋಡೆಯೊಂದಿದೆ. ಅದರ ಮೇಲೆ ನಮ್ಮ ಮನೆಗಳ ಸಾಲು. ಮಣ್ಣೊಳಗಿನ ನೀರು ಹೊರಬರಲೆಂದು ಗೋಡೆ ಕಟ್ಟಿದವರು ಉದ್ದಕ್ಕೂ ತೂತು ಬಿಟ್ಟಿದ್ದರು. ಮಳೆಗಾಲದಲ್ಲಿ ಅವುಗಳಿಂದ ಓಣಿಗೆ ಕೆಸರುನೀರು ಸುರಿಯುತ್ತಿತ್ತು. ನಾವು ಬಟ್ಟೆ ಎತ್ತಿಕೊಂಡು, ಬೈದುಕೊಂಡು ದಾಟುತ್ತಿದ್ದೆವು. ಹೋದ ವರ್ಷ ನಿಮಗೆ ನಗರ ಸೌಂದರ್ಯದ ಹುಚ್ಚು ಹತ್ತಿತು. ಗೋಡೆ ತುಂಬ ಹೂವು, ಹಕ್ಕಿ, ನಗುವ ಮಕ್ಕಳನ್ನು ಬರೆಸಿದಿರಿ. ನಗುವ ಮಕ್ಕಳ ಮುಖದ ಮೇಲೆ ಕೆಸರು ಇಳಿದರೆ ಚೆಂದವೇ? ತೂತುಗಳನ್ನೆಲ್ಲ ಸಿಮೆಂಟು ಮೆತ್ತಿಸಿ ಮುಚ್ಚಿಸಿಬಿಟ್ಟಿರಿ. "ಅಂತೂ ಓಣಿ ಒಣಗಿತು ಕಣೇ" ಎಂದು ಅಕ್ಕ ಖುಷಿಪಟ್ಟಳು. ಪಾಪ, ನಿಮ್ಮನ್ನು ಹೊಗಳಿದಳು ಕೂಡ.

ಈ ಮಳೆಗಾಲ ಅವಳ ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿತು. ಮರ ಉಬ್ಬಿದೆ ಎಂದುಕೊಂಡು ಬಡಗಿಯಿಂದ ಅಂಚು ಹೆರೆಸಿದಳು. ಮತ್ತೆ ಸಿಕ್ಕಿಕೊಂಡಿತು, ಮತ್ತೆ ಹೆರೆಸಿದಳು. "ಹೀಗೇ ಹೆರೆಸ್ತಾ ಹೋದ್ರೆ ಕೊನೆಗೆ ಚಿಲಕ ಮಾತ್ರ ಉಳಿಯುತ್ತೆ ನೋಡು" ಎಂದು ಭಾವ ರೇಗಿಸಿದರು. ಬಾಗಿಲು ನೆಟ್ಟಗೇ ಇತ್ತು ಸ್ವಾಮಿ, ವಾಲುತ್ತಿದ್ದದ್ದು ಮನೆ. ಅದನ್ನು ಅವರು ತಿಳಿದಿರಬೇಕಿತ್ತೋ, ನೀವೋ? ಗೋಡೆ ಉಬ್ಬಿದೆ ಎಂದು ಭಾವ ದೂರು ಕೊಟ್ಟಾಗ ನಿಮ್ಮವರು ಬಂದರು. ಬಿರುಕಿನ ಮೇಲೆ ಹೊಸ ಬಣ್ಣ ಬಳಿದು ಹೋದರು.

ಮರುವಾರವೇ, ಹೊರದಾರಿಯಿಲ್ಲದೆ ಒಳಗೇ ಕಟ್ಟಿನಿಂತ ನೀರಿನ ಒತ್ತಡಕ್ಕೆ ಗೋಡೆ ಬಿರಿದು, ಅಡಿಪಾಯ ಜಾರಿ ಅಕ್ಕನ ಮನೆ ಓಣಿಗೆ ಬಿತ್ತು. ಅಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅವಶೇಷದ ಮುಂದೆ ನಿಂತು ನಿಮ್ಮ ಎಂಜಿನಿಯರ್ ನನ್ನನ್ನು ಕೇಳಿದರು: "ಗುಡ್ಡದ ಮೇಲೆ ಯಾರಮ್ಮ ಮನೆ ಕಟ್ಟು ಅಂದಿದ್ದು?" ನೀವೇ ಸ್ವಾಮಿ. ಅನುಮತಿ ಕೊಟ್ಟದ್ದು ನಿಮ್ಮದೇ ಕಚೇರಿ.

ಗೋಡೆಯ ಇನ್ನರ್ಧ ಇನ್ನೂ ನಿಂತಿದೆ, ತೂತು ಮುಚ್ಚಿಕೊಂಡೇ. ಅದರ ಮೇಲೆ ನನ್ನ ಮನೆ. ತೆರೆಸಿ ಎಂದು ಬೇಡಿಕೊಂಡರೆ "ಚಿತ್ರ ಹಾಳಾಗುತ್ತೆ, ಸುಂದರ ನಗರ ಸ್ಪರ್ಧೆ ಮುಗೀಲಿ" ಅಂದರು ನಿಮ್ಮ ಕಚೇರಿಯವರು. ನಾಚಿಕೆಯಾಗುವುದಿಲ್ಲವೇ ನಿಮಗೆ? ಪರಿಹಾರ ಆಮೇಲೆ ನೋಡೋಣ, ನಿಮ್ಮ ಸಂತಾಪವಂತೂ ಬೇಡವೇ ಬೇಡ. ಇವತ್ತೇ ಆಳು ಕಳಿಸಿ ಆ ತೂತುಗಳನ್ನು ಬಿಡಿಸಿ. ನಿಮ್ಮ ಕೈಲಾಗದಿದ್ದರೆ ನಾಳೆ ನಾವೇ ಬಿಡಿಸುತ್ತೇವೆ. ಸಾರ್ವಜನಿಕ ಆಸ್ತಿ ಹಾಳುಮಾಡಿದರೆಂದು ಹಿಡಿದುಕೊಂಡು ಹೋಗಿ. ಅಕ್ಕನ ಮಗಳು ಈಗ ನನ್ನ ಜೊತೆ ಇದ್ದಾಳೆ. ಮೋಡ ಕಟ್ಟಿದರೆ ಸಾಕು, ಚಪ್ಪಲಿ ಹಾಕಿಕೊಂಡೇ ಮಲಗುತ್ತಾಳೆ.

ಇಂತಿ,
ನಿಮ್ಮ ಸುಂದರ ನಗರದ ಒಬ್ಬ ದರ್ಜಿ,
ಉಳಿದರ್ಧ ಗೋಡೆಯ ಮೇಲೆ ಸದ್ಯಕ್ಕೆ ಬದುಕಿರುವವಳು